ಆಪಾ ಕೇಳುತ್ತಿದ್ದ ಎರಡು ಪ್ರಶ್ನೆ

ಆಪಾ ತೀರಿಕೊಂಡ ಮರುದಿನ ನಾನು ಜೋರಾಪುರ ಪೇಟೆಯ ಅವರ ಮನೆಗೆ ಹೋದೆ. ಅಂಗಳ ದಾಟಿ ಒಳಗೆ ಕಾಲಿಡುವಷ್ಟರಲ್ಲಿ ಮೂವರು ಹೆಂಗಸರು ನನ್ನನ್ನು ತಡೆದು, ತಮಗೆ ಇದು ಮೊದಲೇ ಗೊತ್ತಿತ್ತು ಎಂದು ಹೇಳಿದರು. ಒಬ್ಬಳ ಕನಸಿನಲ್ಲಿ ಬಿಳಿ ಕುದುರೆ ಬಂದಿತ್ತಂತೆ. ಇನ್ನೊಬ್ಬಳ ಕೈಯಿಂದ ಹಾಲಿನ ಪಾತ್ರೆ ಜಾರಿತ್ತಂತೆ. ಮೂರನೆಯವಳಿಗೆ ಅಷ್ಟು ಕಾರಣವೂ ಬೇಕಿರಲಿಲ್ಲ, "ಯಾಕೋ ಎದಿ ಧಸಕ್ಕ ಅಂದಿತ್ರಿ" ಎಂದಳು. ಎಂಬತ್ತು ದಾಟಿ, ಎರಡು ತಿಂಗಳಿನಿಂದ ಹಾಸಿಗೆ ಹಿಡಿದಿದ್ದ ಮುದುಕಿ ಸಾಯುತ್ತಾಳೆಂದು ತಿಳಿಯಲು ಬಿಳಿ ಕುದುರೆಯೇ ಬರಬೇಕೇ? ಆಪಾ ಇದ್ದಿದ್ದರೆ ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಮೂಗಿನ ಮೇಲೇರಿಸಿಕೊಂಡು ಕೇಳುತ್ತಿದ್ದರು: "ಯಾವಾಗ ಗೊತ್ತಾತು? ಯಾರ ಮುಂದ ಹೇಳಿದ್ರಿ?"

ಈ ಎರಡು ಪ್ರಶ್ನೆಗಳಿಗೆ ನಾನು ಒಂದು ಕಾಲಕ್ಕೆ ಬಹಳ ಹೆದರುತ್ತಿದ್ದೆ. ಈಗ ಹೆದರುವುದು ಅವುಗಳಿಗೆ ನಾನು ಒಮ್ಮೆ ಕೊಟ್ಟ ಉತ್ತರಕ್ಕೆ. ಅದನ್ನು ಯಾರಿಗೂ ಹೇಳಿಲ್ಲ, ಬರೆದಾದರೂ ಇಡೋಣವೆಂದು ಕುಳಿತಿದ್ದೇನೆ.

ಎಪ್ಪತ್ತರ ದಶಕದಲ್ಲಿ ನಾವಿಬ್ಬರೂ ತಿಕೋಟಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆವು. ನನಗೆ ಆಗ ಇಪ್ಪತ್ತನಾಲ್ಕು, ಅವರಿಗೆ ನಲವತ್ತರ ಮೇಲೆ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವರು, ಟ್ರೇನಿಂಗ್ ಮುಗಿಸಿ, ಲೆಕ್ಕದ ಟೀಚರ್ ಆಗಿದ್ದರು. ಅವರ ಮಂದಿಯಲ್ಲಿ ಹಿರಿಯಕ್ಕನಿಗೆ ಆಪಾ ಅನ್ನುತ್ತಾರೆ. ನಮ್ಮ ಶಾಲೆಯಲ್ಲಿ ಒಂದನೆಯ ತರಗತಿಯ ಕೂಸಿನಿಂದ ಹೆಡ್‌ಮಾಸ್ತರರವರೆಗೆ ಎಲ್ಲರಿಗೂ ಅವರು ಆಪಾ. ಇಬ್ಬರ ಮನೆಯೂ ವಿಜಾಪುರದ ಜೋರಾಪುರ ಪೇಟೆಯಲ್ಲಿ, ನಡುವೆ ಒಂದೇ ಓಣಿ. ಮುಂಜಾನೆ ಒಂದೇ ಬಸ್ಸು ಹತ್ತುತ್ತಿದ್ದೆವು. ಇಟ್ಟಂಗಿಹಾಳ ಹಿಂದೆ ಬಿದ್ದಿತೆಂದರೆ ಅವರು ಬುರ್ಖಾದ ಮುಖಪರದೆ ಮೇಲೆ ಸರಿಸಿ, ಚೀಲದಿಂದ ಬಡೇಸೋಪಿನ ಡಬ್ಬಿ ತೆಗೆದು ನನ್ನ ಅಂಗೈಗೆ ಒಂದಿಷ್ಟು ಸುರಿಯುತ್ತಿದ್ದರು. ಬೇಡ ಅಂದರೆ ಕೇಳುವವರಲ್ಲ.

ಮಕ್ಕಳಿಗೆ ಅವರು ಒಂದು ಆಟ ಹಚ್ಚಿದ್ದರು. ಶನಿವಾರ ಒಬ್ಬೊಬ್ಬರಿಗೆ ಒಂದು ಚೀಟಿ ಕೊಟ್ಟು, ಬರುವ ವಾರ ಏನಾಗುತ್ತದೆ ಅನ್ನಿಸುತ್ತದೋ ಬರೆಯಿರಿ ಅನ್ನುವರು. ಚೀಟಿಗಳೆಲ್ಲ ಸೀಮೆಸುಣ್ಣದ ಖಾಲಿ ಡಬ್ಬಿಗೆ, ಡಬ್ಬಿ ಕಪಾಟಿಗೆ. ಮುಂದಿನ ಶನಿವಾರ ತೆಗೆದು ಎಲ್ಲರೆದುರು ಓದುವರು. ಒಮ್ಮೆ ಅರ್ಧ ತರಗತಿ ಮಳೆ ಬರುತ್ತದೆಂದು ಬರೆದಿತ್ತು, ಬಂದದ್ದು ಇನ್‌ಸ್ಪೆಕ್ಟರು. ಬಿಜ್ಜರಗಿಯ ಹುಡುಗಿಯೊಬ್ಬಳು ಎದ್ದು ನಿಂತು, "ಆಪಾ, ಸಾಹೇಬ್ರು ಬರ್ತಾರಂತ ನನಗ ಮೊದಲ ಗೊತ್ತಿತ್ರಿ. ಮುಂಜಾನಿ ನಮ್ಮ ಆಡು ಮೂರು ಸಲ ಸೀನಿತ್ತು" ಅಂದಳು. ಆಪಾ ಅವಳ ಚೀಟಿ ಹುಡುಕಿ ತೆಗೆದರು. ಅದರಲ್ಲಿ 'ನಮ್ಮ ಆಡು ಮರಿ ಹಾಕತೈತಿ' ಎಂದಿತ್ತು.

"ಮರಿ ಹಾಕ್ತೇನು?"

"ಇಲ್ರಿ."

"ಹಂಗಾರ ನಿಮ್ಮ ಆಡಿಗೆ ನೆಗಡಿ ಆಗೇತಿ. ಕುಂದ್ರು."

ಹೀಗಿದ್ದ ಆಪಾ ಅಂಜುಬುರುಕಿಯಲ್ಲ ಎಂದು ನಾನು ತಿಳಿದಿದ್ದೆ. ಹಾಗಲ್ಲವೆಂದು ಅವರೇ ಒಂದು ದಿನ ಬಸ್ಸಿನಲ್ಲಿ ಹೇಳಿದರು. "ಬಸ್ಸಿನ ಗಾಲಿ ಒಂದು ತಗ್ಗಿಗೆ ಬಿದ್ರ ಸಾಕು, ನಾ ಸತ್ತೆ ಅಂತೀನಿ ಒಳಗ. ದಿನಾ ನಾಕು ಸಲ ಸಾಯ್ತೀನಿ. ಹೊರಗ ಹೇಳಂಗಿಲ್ಲ, ಅಷ್ಟ. ಹೇಳಿದ್ರ ಒಂದು ದಿನ ಖರೇ ಆಗಿ, ನಾ ದೊಡ್ಡ ಫಕೀರಳಾಗಿಬಿಡ್ತೀನಿ." ಹೀಗೆಂದು ಬಡೇಸೋಪು ಬಾಯಿಗೆ ಹಾಕಿಕೊಂಡು ನಕ್ಕರು. ಆ ನಗೆಯಲ್ಲಿ ನಾನೂ ಪಾಲು ತೆಗೆದುಕೊಂಡೆ.

ಅವರ ಅಣ್ಣನದು ಪೇಟೆಯಲ್ಲಿ ಗಡಿಯಾರ ರಿಪೇರಿಯ ಅಂಗಡಿ. ಮೆತ್ತಗಿನ ಮನುಷ್ಯ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಿದ್ದರು, ಹಾಗಾಗಿ ಅವರ ಇನ್ನೊಂದು ಕಣ್ಣಷ್ಟೇ ನನಗೆ ಪರಿಚಯ. ಬಹಳ ವರ್ಷ ಅರ್ಜಿ ಹಾಕಿ ಹಾಕಿ, ಕಡೆಗೊಂದು ಸಲ ಹಜ್ ಯಾತ್ರೆಗೆ ಅವರ ಹೆಸರು ಬಂತು. ಆಗೆಲ್ಲ ನಮ್ಮ ಕಡೆಯವರು ರೈಲಿನಲ್ಲಿ ಸೊಲ್ಲಾಪುರದ ಮೇಲೆ ಮುಂಬಯಿಗೆ ಹೋಗಿ, ಅಲ್ಲಿಂದ ಹಡಗು ಹತ್ತುತ್ತಿದ್ದರು. ಕಣ್ಣು ಹಾಯುವವರೆಗೂ ಎರೆಹೊಲವನ್ನೇ ಕಂಡ ನಮಗೆ ಹಡಗು ಎಂದರೆ ಪಾಠದ ಪುಸ್ತಕದ ಚಿತ್ರ. ಸಮುದ್ರ ಎಷ್ಟು ದೊಡ್ಡದು ಎಂದು ಕೇಳಿದರೆ ನಮ್ಮವ್ವ 'ಭೂತನಾಳ ಕೆರಿಯಂಥವು ನೂರು ಇರಬೇಕು' ಅನ್ನುತ್ತಿದ್ದಳು.

ಯಾತ್ರೆಗೆ ಹೊರಡುವವರು ಮೊದಲು ಗುರುತಿನವರ ಮನೆಮನೆಗೆ ಹೋಗಿ ಮಾಫಿ ಕೇಳಬೇಕು. ಅದು ಪದ್ಧತಿ. "ಹೇಳಿದ್ದು ಕೇಳಿದ್ದು ಮಾಫ್ ಮಾಡ್ರಿ. ತಿರುಗಿ ಬರ್ತೀನೋ ಇಲ್ಲೋ" ಎನ್ನಬೇಕು. ಕೇಳಿಸಿಕೊಂಡವರು "ಮಾಫ್ ಮಾಡೀವಿ, ನೀವೂ ಮಾಫ್ ಮಾಡ್ರಿ, ನಮಗೂ ದುವಾ ಕೇಳ್ರಿ" ಎಂದು ಕಳಿಸಬೇಕು. ನಮ್ಮ ಮನೆಗೂ ಬಂದಿದ್ದರು. ತಾವು ರಿಪೇರಿ ಮಾಡಿದ ನಮ್ಮ ಗೋಡೆ ಗಡಿಯಾರ ಯಾವಾಗಲೂ ಹತ್ತು ನಿಮಿಷ ಮುಂದೆ ಓಡುತ್ತದೆ, ಅದಕ್ಕೂ ಮಾಫ್ ಮಾಡಿರೆಂದು ಅವ್ವನಿಗೆ ಕೈಮುಗಿದರು. ಅವ್ವ ನಕ್ಕು, ಅಳುತ್ತ, ಅವರ ಕೈಗೆ ಒಂದು ತೆಂಗಿನಕಾಯಿ ಕೊಟ್ಟಳು.

ಹೊರಡುವ ಮುಂಜಾನೆ ನಾನು ಅವರ ಮನೆಯಲ್ಲಿದ್ದೆ. ಅಣ್ಣ ಹೆಂಡತಿಯನ್ನು ಕೇಳಿದರು, ಮಗನನ್ನು ಕೇಳಿದರು, ಆಪಾರನ್ನು ಕೇಳಿದರು. ಎಲ್ಲರೂ ಮಾಫ್ ಮಾಡೀವಿ ಅಂದರು. ಕಡೆಗೆ ಸೊಸೆಯ ಮುಂದೆ ನಿಂತರು. ಬಬಲೇಶ್ವರದ ಹುಡುಗಿ, ಹತ್ತೊಂಬತ್ತು ವರ್ಷ, ಮನೆ ತುಂಬಿ ಎಂಟೇ ತಿಂಗಳು. ಮಾವನೇ ತನ್ನೆದುರು ಕೈ ಜೋಡಿಸಿದ್ದು ಕಂಡು ಅವಳಿಗೆ ಏನಾಯಿತೋ, ಮಾಫಿಯ ಮಾತು ಮರೆತು ಜೋರಾಗಿ ಅತ್ತುಬಿಟ್ಟಳು. "ಹೋಗಬ್ಯಾಡ್ರಿ ಮಾವಾ. ಅಷ್ಟು ನೀರಂದ್ರ ನನಗ ಅಂಜಿಕಿ ಬರತೈತ್ರಿ."

ಎಲ್ಲರೂ ಶ್ ಶ್ ಅಂದರು. ಅಣ್ಣ ನಕ್ಕು ಅವಳ ತಲೆಯ ಮೇಲೆ ಕೈಯಿಟ್ಟು, ಗಾಡಿಗೆ ಹೊತ್ತಾಯಿತೆಂದು ಹೊರಟರು. ಸ್ಟೇಷನ್ನಿನಲ್ಲಿ ಹಾರ ಹಾಕಿಸಿಕೊಂಡು, ಕಿಟಕಿಯಿಂದ ಕೈಬೀಸಿದರು. ಆ ದಿನ ಯಾರ ಎದೆಯೂ ಧಸಕ್ಕ ಅನ್ನಲಿಲ್ಲ. ಅಂದಿದ್ದರೆ ಸ್ಟೇಷನ್ನಿನ ಹೊರಗೆ ಮಿರ್ಚಿ ಭಜಿ ತಿಂದು, ಹರಟುತ್ತ ಮನೆಗೆ ಬರುತ್ತಿರಲಿಲ್ಲ.

ಹಡಗಿಗೆ ನಡುನೀರಿನಲ್ಲಿ ಬೆಂಕಿ ಬಿದ್ದ ಸುದ್ದಿಯನ್ನು ರೇಡಿಯೋ ಹೇಳಿತು. ಸತ್ತವರಿದ್ದಾರೆ, ಉಳಿದವರನ್ನು ಇನ್ನೊಂದು ಹಡಗು ಎತ್ತಿಕೊಂಡಿದೆ, ಹೆಸರುಗಳು ತಿಳಿದಿಲ್ಲ, ಇಷ್ಟೇ. ಅಣ್ಣನ ಮಗ ಅದೇ ದಿನ ಮುಂಬಯಿಗೆ ಹೋದ. ಹೆಸರು ತಿಳಿಯದ ಆ ದಿನಗಳ ಭಯ ನನಗೆ ಇಂದಿಗೂ ಮೈಯಲ್ಲಿದೆ. ಟೆಲಿಗ್ರಾಮಿನ ತಾರು ಹಂಚುವವನ ಸೈಕಲ್ಲಿನ ಗಂಟೆ ಓಣಿಯಲ್ಲಿ ಕೇಳಿದರೆ ಹೆಂಗಸರು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಿಲ್ಲುತ್ತಿದ್ದರು.

ಮೂರನೆಯ ದಿನಕ್ಕೆ ಪೇಟೆಯಲ್ಲಿ ಒಬ್ಬೊಬ್ಬರಿಗೂ ಮೊದಲೇ ಗೊತ್ತಾಗಿದ್ದದ್ದು ಹೊರಬೀಳತೊಡಗಿತು. ಅಣ್ಣ ಸ್ಟೇಷನ್ನಿನಲ್ಲಿ ಮೂರು ಸಲ ತಿರುಗಿ ನೋಡಿದ್ದರಂತೆ. ಅಂಗಡಿಯ ಗಡಿಯಾರಗಳೆಲ್ಲ ಒಂದೊಂದಾಗಿ ನಿಂತುಹೋಗಿದ್ದವಂತೆ. 'ತಿರುಗಿ ಬರ್ತೀನೋ ಇಲ್ಲೋ' ಎಂದು ತಮ್ಮ ಮನೆಯ ಬಾಗಿಲಲ್ಲಿ ನಿಂತು ಬಾಯಿಬಿಟ್ಟು ಹೇಳಿದ್ದರು ಎಂದು ಹತ್ತು ಮನೆಯವರು ಹೇಳಿದರು, ಅದೂ ತಮಗೊಬ್ಬರಿಗೇ ಹೇಳಿದ ಹಾಗೆ. ನಾನು ಹಿಂದೆ ಬೀಳಲೇ? ಬಸ್ಸಿನಲ್ಲಿ ಆಪಾರಿಗೆ, "ಅವತ್ತು ನನ್ನ ಬಲಗಣ್ಣು ಹಾರಾಕತ್ತಿತ್ರಿ" ಎಂದೆ.

ಕನ್ನಡಕ ಒರೆಸಿದರು. "ಯಾರ ಮುಂದ ಹೇಳಿದ್ದಿ?"

ಯಾರ ಮುಂದೆಯೂ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ಕಣ್ಣು ಹಾರಿತ್ತೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಆದರೆ ಹೇಳುವಾಗ ನನಗೆ ಅದು ಸುಳ್ಳು ಅನ್ನಿಸಿರಲಿಲ್ಲ.

"ನೀ ಸುಳ್ಳ ಹೇಳಾಕತ್ತಿ ಅನ್ನಂಗಿಲ್ಲ ನಾ," ಅಂದರು ಆಪಾ. ಮೂರು ದಿನದ ನಿದ್ದೆಗೇಡಿನಿಂದ ಅವರ ದನಿ ಒಡೆದಿತ್ತು. "ಮಂದಿ ಅಂಜ್ಯಾರ. ಗೊತ್ತಿಲ್ಲದ ಹಿಂಗಾತು ಅಂದ್ರ ನಾಳೆ ನಮಗೂ ಆಗಬಹುದಲಾ? ಮೊದಲ ಗೊತ್ತಿತ್ತು ಅಂದ್ರ, ಮುಂದಿಂದೂ ಗೊತ್ತಾಗತೈತಿ ಅಂತ ಒಂದು ಧೈರ್ಯ. ವರ್ಷಾ ವರ್ಷಾ ಹಡಗಾ ಹೋಗ್ತಾವು, ವರ್ಷಾ ಮಂದಿ ಅಂಜ್ತಾರ. ತಿರುಗಿ ಬಂದ ಹಡಗಿನ ಅಂಜಿಕಿ ಯಾರು ನೆನಪಿಡ್ತಾರ? ಇನ್ನ ಗಡಿಯಾರ! ಕೀಲಿ ಕೊಡಾಂವ ಹಡಗಿನ್ಯಾಗ ಅದಾನ, ಗಡಿಯಾರ ಹೆಂಗ ನಡೀತಾವು ಬೇ?" ಎಂದವರು ಮುಖಪರದೆ ಇಳಿಸಿ ಕಿಟಕಿಯ ಕಡೆ ತಿರುಗಿ, ತಿಕೋಟಾ ಬರುವವರೆಗೂ ಅದನ್ನು ತೆಗೆಯಲಿಲ್ಲ.

ಗಡಿಯಾರದಿಂದ ಯಾರಿಗೂ ಹಾನಿಯಿರಲಿಲ್ಲ. ಹಾನಿಯಾದದ್ದು ಆ ಹುಡುಗಿಗೆ. ಎಲ್ಲರ ಸೂಚನೆಗಳೂ ಅವರವರ ಎದೆಯೊಳಗೇ ಇದ್ದವು. ಅವಳ ಮಾತನ್ನು ಮಾತ್ರ ಮನೆ ತುಂಬ ಮಂದಿ ಕಿವಿಯಾರೆ ಕೇಳಿದ್ದರು. ಮೇಲಾಗಿ ಅವಳು ಮಾಫಿ ಕೊಟ್ಟಿರಲಿಲ್ಲ. ಆ ಒಂದು ಋಣ ಬೆನ್ನಿಗೆ ಕಟ್ಟಿಕೊಂಡು ಮನುಷ್ಯ ಸಮುದ್ರಕ್ಕಿಳಿದ ಎಂದರು. ಹುಡುಗಿಯದು ಕರಿನಾಲಿಗೆ ಎಂದರು. ಈ ಮಾತು ಒಂದು ಜಾತಿಯವರದಲ್ಲ. ನಮ್ಮ ಓಣಿಯ ಕಟ್ಟೆಯ ಮೇಲೂ ಅದೇ ನಡೆದಿತ್ತು, ನಮ್ಮವ್ವನೂ ತಲೆಯಾಡಿಸಿದ್ದಳು. ಆಪಾರ ಅತ್ತಿಗೆ ಸೊಸೆಯ ಕೈಯ ನೀರು ಕುಡಿಯುವುದನ್ನು ಬಿಟ್ಟರು. ಹುಡುಗಿ ಮಾತಾಡುವುದನ್ನೇ ಬಿಟ್ಟಳು.

ಶನಿವಾರ ನಾವು ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಅವರ ಅಂಗಳ ಹೆಂಗಸರಿಂದ ತುಂಬಿತ್ತು. ನಡುವೆ ಒಂದು ಇದ್ದಲಿ ಒಲೆ. ಅತ್ತಿಗೆಯ ದೂರದ ಸಂಬಂಧದ ಮುದುಕಿಯೊಬ್ಬಳು ಇಕ್ಕಳದಲ್ಲಿ ಒಂದು ದಬ್ಬಣ ಹಿಡಿದು ಕಾಯಿಸುತ್ತಿದ್ದಳು. ಆಡಿದ ನಾಲಿಗೆಗೆ ಕಾದದ್ದು ಮುಟ್ಟಿಸಿದರೆ ಆಡಿದ ಮಾತು ಸುಟ್ಟುಹೋಗುತ್ತದೆ, ಹಡಗಿನಲ್ಲಿದ್ದವರು ಜೀವಸಹಿತ ಬರುತ್ತಾರೆ ಎಂಬುದು ಅವಳ ಉಪಾಯ. ಹುಡುಗಿ ಒಲೆಯ ಮುಂದೆ ಮೊಳಕಾಲೂರಿ ಕುಳಿತಿದ್ದಳು. ಯಾರೂ ಅವಳನ್ನು ಹಿಡಿದುಕೊಂಡಿರಲಿಲ್ಲ.

ಆಪಾ ಚೀಲ ಕೆಳಗೆಸೆದು ಅವಳ ರಟ್ಟೆ ಹಿಡಿದೆತ್ತಿದರು. "ಏಳs! ಹುಚ್ಚು ಹಿಡದೈತೇನು ನಿಮಗೆಲ್ಲಾ?"

ಮಾತು ಬಿಟ್ಟ ಮೇಲೆ ಆ ಹುಡುಗಿ ಬಾಯಿ ತೆರೆದದ್ದು ಆಗಲೇ. "ಬಿಡ್ರಿ ಆಪಾ, ಮಾಡ್ಲಿ. ಮಾವಾ ತಿರುಗಿ ಬರ್ತಾರಂದ್ರ ನಾಲಿಗಿ ಕೊಯ್ದ್ರೂ ಆತು. ನಾನ ಅಂದೇನಿ. ನನ್ನ ಮಾತಿಗೆ ಬೆಂಕಿ ಹತ್ಯಾದ."

ಆಪಾ ಮೊದಲು ಲೆಕ್ಕದ ಟೀಚರ್‌ ಹಾಗೆಯೇ ಮಾತಾಡಿದರು. ಮುದುಕಿಯನ್ನು ಕೇಳಿದರು: "ನಿಮ್ಮ ಯಜಮಾನ್ರೂ ಹಜ್‌ಗೆ ಹೋಗಿದ್ರಲ್ಲ, ತಿರುಗಿ ಬರ್ತೀನೋ ಇಲ್ಲೋ ಅಂದಿದ್ರಿಲ್ಲೋ?" "ಅಂದಿದ್ರು." "ಬಂದ್ರಿಲ್ಲೋ?" "ಬಂದ್ರು." "ಬಂದು ಎಷ್ಟು ವರ್ಷ ಬದುಕಿದ್ರು?" "ಹನ್ನೆರಡು." ಅಂಗಳದಲ್ಲಿ ಒಬ್ಬಿಬ್ಬರು ತಲೆ ಬಗ್ಗಿಸಿದರು. ಆದರೆ ಅತ್ತಿಗೆ ಎದ್ದು ನಿಂತು, "ಅದು ಬ್ಯಾರೆ, ಇದು ಬ್ಯಾರೆ. ಇಕಿ ಬ್ಯಾಡ ಅಂದಾಳ. ಬ್ಯಾಡ ಅಂದಾಕಿ ಇಕಿ ಒಬ್ಬಾಕೀನ" ಎಂದರು. ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದ ಹೆಂಗಸು. ಅವರನ್ನೂ ನಾನು ಬೈಯಲಾರೆ. ಮುದುಕಿ ಮತ್ತೆ ದಬ್ಬಣವನ್ನು ಕೆಂಡದೊಳಗೆ ತೂರಿಸಿದಳು.

ಆಗ ಆಪಾ ಹೇಳಿದರು: "ಒಬ್ಬಾಕಿ ಅಲ್ಲ. ನಾನೂ ಅಂದೀನಿ. ಇಕಿಗಿಂತ ಮೊದಲ ಅಂದೀನಿ. ಅಂವ ಟಿಕೀಟ ತಂದ ದಿನಾನ, ಈ ಹಡಗಾ ಸುಡತೈತಿ, ಹೋಗಬ್ಯಾಡ ಅಂತ ಹೇಳೀನಿ."

ಅತ್ತಿಗೆ ನಾದಿನಿಯ ಮುಖ ನೋಡಿದರು. "ಯಾವಾಗ ಹೇಳಿದಿ? ಯಾರ ಮುಂದ?"

ಆಪಾ ತಿರುಗಿ ನನ್ನತ್ತ ಕೈ ತೋರಿಸಿದರು. "ಇಕಿ ಮುಂದ. ಕೇಳ್ರಿ."

ಎಲ್ಲರೂ ನನ್ನನ್ನೇ ನೋಡಿದರು. ನಾನು ಜೀವಮಾನದಲ್ಲಿ ಅಷ್ಟು ಹೆದರಿದ್ದು ಇನ್ನೊಂದು ಸಲ ಇಲ್ಲ. ಆಪಾ ಅಂಥ ಮಾತು ಆಡಿರಲೇ ಇಲ್ಲ. ಟಿಕೀಟು ಬಂದ ದಿನ ಶಾಲೆಗೆಲ್ಲ ಪೇಢೆ ಹಂಚಿದ್ದರು. ಹೌದು ಅಂದರೆ ಹುಡುಗಿ ಉಳಿಯುತ್ತಾಳೆ, ಇಲ್ಲ ಅಂದರೆ ಆಪಾ ಉಳಿಯುತ್ತಾರೆ. ಇಷ್ಟು ನನಗೆ ಹೊಳೆದಿತ್ತು. "ಹೌದ್ರಿ," ಅಂದೆ. "ಬಸ್‌ಸ್ಟ್ಯಾಂಡಿನ್ಯಾಗ, ಬೇವಿನ ಗಿಡದ ಕೆಳಗ. ನನ್ನ ಮುಂದ ಹೇಳಿದ್ರು."

ಬೇವಿನ ಗಿಡವನ್ನು ಯಾರೂ ಕೇಳಿರಲಿಲ್ಲ. ಅದನ್ನು ನಾನೇ ಸೇರಿಸಿದೆ.

ಸಾಲಿ ಅಕ್ಕೋರ ನಾಲಿಗೆಗೆ ದಬ್ಬಣ ಮುಟ್ಟಿಸುವ ಧೈರ್ಯ ಮುದುಕಿಗಿರಲಿಲ್ಲ. ಆಪಾ ಇಕ್ಕಳ ಕಸಿದುಕೊಂಡು ತಾವೇ ಮುಟ್ಟಿಸಿಕೊಂಡರು. ಒಂದು ಕ್ಷಣ, ಅಷ್ಟೇ. ಕೂಗಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು, ಇನ್ನೊಂದು ಕೈಯಿಂದ ಹುಡುಗಿಯನ್ನು ಹಿಡಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿದರು.

ಸೋಮವಾರ ಮಾತಾಡಲು ಬರದೆ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದು ಕಲಿಸಿದರು. ಮಕ್ಕಳು ಅದನ್ನೂ ಹೊಸ ಆಟವೆಂದು ತಿಳಿದು ಸುಮ್ಮನೆ ಕುಳಿತು ಲೆಕ್ಕ ಮಾಡಿದರು. ಮಂಗಳವಾರ ಮುಂಬಯಿಯಿಂದ ಮಗನ ತಾರು ಬಂತು. ಅಣ್ಣ ಬೆಂಕಿ ಬಿದ್ದ ದಿನವೇ ಹೋಗಿದ್ದರು. ಸಮುದ್ರದಲ್ಲೇ ಮಣ್ಣಾಗಿತ್ತು, ಅಲ್ಲಿ ಮಣ್ಣೆಲ್ಲಿಂದ ಬರಬೇಕು, ನೀರಿಗೆ ಇಳಿಸಿದ್ದರು. ಅಂದರೆ ಅಂಗಳದಲ್ಲಿ ದಬ್ಬಣ ಕಾಯುವಾಗ ಅವರು ಸತ್ತು ಐದು ದಿನವಾಗಿತ್ತು.

ಹುಡುಗಿಯ ತಂಟೆಗೆ ಆಮೇಲೆ ಯಾರೂ ಹೋಗಲಿಲ್ಲ. ಅವಳು ಆ ಮನೆಯಲ್ಲೇ ಬಾಳಿದಳು, ಮೂರು ಮಕ್ಕಳನ್ನು ಹಡೆದಳು, ಕೊನೆಯವರೆಗೂ ಆಪಾರ ಬಾಯಿಗೆ ಗಂಜಿ ಹಾಕಿದವಳು ಅವಳೇ. ಪೇಟೆ ಹೆದರಿದ್ದು ಆಪಾರಿಗೆ. ಸುಟ್ಟರೂ ಆ ನಾಲಿಗೆಯ ಮಾತು ಸುಡಲಿಲ್ಲ ನೋಡಿ ಎಂದರು. ಪರ ಊರಿಗೆ ಹೊರಟವರು ಅವರ ಎದುರು ಬರುವುದನ್ನು ತಪ್ಪಿಸಿದರು. ನಾನು ಬಾರದ ದಿನ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿ ಉಳಿಯತೊಡಗಿತು. ಇನ್ನು ಕೆಲವರು ಕದ್ದು ಬಂದು, "ಆಪಾ, ಹುಡುಗನ್ನ ಮಿರಜಿಗೆ ಕಳಸಾಕತ್ತೀವಿ, ಏನರ ಕಾಣತೈತೇನು?" ಎಂದು ಕೇಳಿ, ಉತ್ತರ ಬರುವ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಶನಿವಾರದ ಚೀಟಿ ಆಟವನ್ನು ಅವರು ನಿಲ್ಲಿಸಿಬಿಟ್ಟರು. ಯಾಕೆಂದು ನಾನು ಕೇಳಲಿಲ್ಲ.

ಒಂದು ದಿನ, ಹಡಗಿನ ಮಾತಾಗಿ ವರ್ಷವಾಗಿರಬೇಕು, ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಮೆಲ್ಲಗೆ ಅಂದರು: "ನಿನಗೊಂದು ಹೇಳ್ತೀನಿ, ಯಾರ ಮುಂದೂ ಅನಬ್ಯಾಡ. ನನಗ ಈಗೀಗ ನೆನಪಾಗಾಕತ್ತೈತಿ. ಖರೇನ ಹೇಳಿದ್ದೆ ಅಂತ. ಅಂವ ಹೊಸ್ತಿಲದಾಗ ನಿಂತಿದ್ದ, ಕೈಯಾಗ ಟಿಕೀಟ ಇತ್ತು, ಹಡಗಾ ಸುಡತೈತಿ ಅಂದೆ. ಅವನ ಮಾರಿ ಸುದ್ದಾ ಕಾಣತೈತಿ."

"ಇಲ್ರಿ ಆಪಾ. ಅವತ್ತು ನೀವು ಪೇಢೆ ಹಂಚಿದ್ರಿ."

"ಪೇಢೆ ಹಂಚಿದ್ದೂ ಕಾಣತೈತಿ. ಅದೂ ಕಾಣತೈತಿ, ಇದೂ ಕಾಣತೈತಿ."

ಬೇವಿನ ಗಿಡದ ಕೆಳಗೆ ಅವರು ನಿಂತು ಹೇಳಿದ್ದು ಆಗಲೇ ನನಗೂ ಕಾಣತೊಡಗಿತ್ತು.

ಮರುವರ್ಷ ನಮ್ಮವ್ವ ಕಾಶಿಗೆ ಹೊರಟಳು. ಸ್ಟೇಷನ್ನಿಗೆ ಹೋಗುವ ನೆಟ್ಟಗಿನ ದಾರಿ ಆಪಾರ ಮನೆಯ ಮುಂದೆಯೇ. ಟಾಂಗಾ ಹತ್ತುತ್ತ ಅವ್ವ, "ಆ ಓಣಿ ಬ್ಯಾಡವಾ, ಅಕಿ ನಿಂತಿರ್ತಾಳ" ಎಂದಳು. ಅವ್ವಾ, ಅದು ಸುಳ್ಳು, ಸಾಕ್ಷಿ ಹೇಳಿದವಳು ನಾನೇ ಎಂದು ಹೇಳಲು ನನಗೆ ಬಾಯಿತ್ತು. ಹೇಳಲಿಲ್ಲ. ಅವ್ವನಿಗಾಗಿ ಸುಮ್ಮನಾದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹಾಗಲ್ಲ, ಒಳಗೆ ನನಗೇ ಅಂಜಿಕೆ ಹೊಕ್ಕಿತ್ತು. ಸುತ್ತು ಹಾಕಿಕೊಂಡು ಹೋಗಪ್ಪ ಎಂದು ಟಾಂಗಾದವನಿಗೆ ನಾನೇ ಹೇಳಿದೆ.

ಮರುದಿನ ಬಸ್ಸಿನಲ್ಲಿ ಅವರ ಪಕ್ಕ ಕುಳಿತೆ. ಇಟ್ಟಂಗಿಹಾಳ ದಾಟಿತು. ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ.

"ಅವ್ವಾರು ಹೋದ್ರೇನು?" ಎಂದು ಕೇಳಿದರು.

"ಹೋದ್ರು ಆಪಾ. ಅವಸರದಾಗ ನಿಮ್ಮ ಕಡೆ ಬರಾಕ..."

"ಛಲೋ ಆತು ಬಿಡು," ಅಂದರು. "ನಾನೂ ಮುಂಜಾನೆದ್ದಾಕಿನ ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ದೆ. ಅಪ್ಪಿತಪ್ಪಿ ನನ್ನ ಕಣ್ಣಿಗೆ ಬಿದ್ದಾರಂತ."